ಅಣ್ಣ ಕತ್ತರಿಸಬೇಕು, ತಮ್ಮ ಆರಿಸಬೇಕು

ನಮ್ಮವರಿಗೆ ಹೊಟ್ಟೆಕಿಚ್ಚು ಜಾಸ್ತಿ. ಗಂಡನ ವಿಷಯ ಹೀಗೆ ಹೇಳಬಾರದೇನೋ, ಆದರೆ ಬಚ್ಚಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅಣ್ಣನಿಗೆ ಜ್ವರ ಬಂದರೆ ಇವರಿಗೂ ಮೈ ಬೆಚ್ಚಗಾಗುತ್ತದೆ. ಅಣ್ಣ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೆ ಇವರ ಚಪ್ಪಲಿ ಆ ವಾರವೇ ಕಿತ್ತುಹೋಗುತ್ತದೆ. ಹೇಗೆ ಕಿತ್ತುಹೋಯಿತು ಎಂದು ನಾನು ಕೇಳಲು ಹೋಗುವುದಿಲ್ಲ. ಹಾಗಂತ ಊರಿನವರ ಮೇಲೆಲ್ಲ ಉರಿದುಬೀಳುವ ಜಾತಿಯಲ್ಲ. ಪಕ್ಕದ ಅಂಗಡಿಯವನು ಕಾರು ಕೊಂಡಾಗ ಒಂದು ಸುತ್ತು ಹಾಕಿಸಿಕೊಂಡು ಬಂದು ಬಾಯ್ತುಂಬ ಹೊಗಳಿದರು. ಹೊಟ್ಟೆಯ ಉರಿಯೆಲ್ಲ ಒಡಹುಟ್ಟಿದವನಿಗೇ ಮೀಸಲು.

ಕೆಲಸದಲ್ಲಿ ಮಾತ್ರ ಇವರಿಗೆ ಎದುರಿಲ್ಲ. ನಮ್ಮದು ರಫೂ ಅಂಗಡಿ. ಇಲಿ ಕಡಿದ ಶಾಲು, ಸಿಗರೇಟಿನ ಕಿಡಿ ಬಿದ್ದ ಕೋಟು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಏನು ತಂದರೂ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ನೇಯ್ದುಕೊಡುತ್ತಾರೆ. ತೂತು ಎಲ್ಲಿತ್ತು ಎಂದು ಬಟ್ಟೆಯ ಯಜಮಾನನೇ ಹುಡುಕಬೇಕು. ವಿದ್ಯೆ ನಮ್ಮ ಮಾವನವರದು. ಅಪ್ಪ ಮಗ ಇಬ್ಬರೂ ಅಂಗಡಿಯ ಕಿಟಕಿಯ ಕೆಳಗೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು, ದಿನಕ್ಕೆ ನಾಲ್ಕು ಮಾತೂ ಆಡದೆ ಹೊಲಿಯುತ್ತಿದ್ದರು. ಆ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ಬೆಳಕು ಪಕ್ಕದಿಂದ ಬರುತ್ತದೆ, ಬೆಳಗಿನಿಂದ ಸಂಜೆಯವರೆಗೂ ಒಂದೇ ಸಮ. ಕಪ್ಪು ಬಟ್ಟೆಗೆ ಕಪ್ಪು ಎಳೆ ಹಾಕುವವರಿಗೆ ಅಂಥ ಬೆಳಕು ಬೇಕು. ರಫೂ ಆದ ಬಟ್ಟೆಗೆ ಮನೆಯಲ್ಲಿ ಇಸ್ತ್ರಿ ಹಾಕುವುದು ನನ್ನ ಕೆಲಸ. ಇವರು ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಮೊಣಕೈ ನೋಡುತ್ತಾರೆ. ನನ್ನ ಜೊತೆ ಆಡಿದ ಮೊದಲ ಮಾತೇ ನಿಮ್ಮ ತೋಳಿನ ಹತ್ತಿರ ಒಂದು ಎಳೆ ಎದ್ದಿದೆ ಅಂತ.

ಭಾವ, ಅಂದರೆ ಇವರ ಅಣ್ಣ, ಸೂಜಿ ಹಿಡಿದವರೇ ಅಲ್ಲ. ಬಸ್ ಡಿಪೋದಲ್ಲಿ ಕೆಲಸ. ಅವರೂ ಅವರ ಹೆಂಡತಿಯೂ ಮಾವನ ಜೊತೆ ಮಾವನ ಮನೆಯಲ್ಲೇ ಇದ್ದರು. ನಾವು ಅಂಗಡಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆಗೆ. ಭಾವನ ಹೆಂಡತಿ ನನಗೆ ಓರಗಿತ್ತಿ. ಅವಳ ವಿಷಯ ಒಂದು ಮಾತು ಹೇಳಿಬಿಡುತ್ತೇನೆ. ಅವಳಿಗೆ ಹಜಾರ ಇರುವ ಮನೆ, ಕೂತು ತರಕಾರಿ ಹೆಚ್ಚಲು ಹಿತ್ತಿಲ ಕಡೆ ಕಟ್ಟೆ. ಇಷ್ಟಾದರೂ ಸಹಿಸಬಹುದಿತ್ತು. ಅವಳು ಒಳ್ಳೆಯವಳು, ಅದು ಸಹಿಸಲಾಗದ್ದು. ಹಬೆಯಾಡುವ ಸಾರಿನ ಪಾತ್ರೆ ಸೆರಗಿನಲ್ಲಿ ಹಿಡಿದುಕೊಂಡು ಎರಡು ಬೀದಿ ನಡೆದು ಬಂದು ಕೊಟ್ಟು ಹೋಗುತ್ತಾಳೆ. ತಿರುಗಿ ಕೊಡಲು ನನ್ನ ಹತ್ತಿರ ಅಷ್ಟು ರುಚಿಯಾದ್ದು ಏನೂ ಇರುವುದಿಲ್ಲ. ಹೊಟ್ಟೆಕಿಚ್ಚಿನಲ್ಲಿ ನಾವು ಗಂಡ ಹೆಂಡತಿ ಸರಿಯಾದ ಜೋಡಿ ಎಂದು ನನ್ನ ತಾಯಿಯೇ ಹೇಳುತ್ತಿದ್ದಳು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಇಬ್ಬರು ಮಕ್ಕಳಿಗೆ ಏನೇ ಹಂಚಬೇಕಾದರೂ ಅಣ್ಣ ಕತ್ತರಿಸಬೇಕು, ತಮ್ಮ ಆರಿಸಬೇಕು. ಬ್ರೆಡ್ಡು, ಕಲ್ಲಂಗಡಿ, ಸಾಬೂನು, ಕೊನೆಗೆ ಹಾಸಿಗೆ ಕೂಡ. ಅಣ್ಣ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ತಮ್ಮ ಯಾವ ಕಡೆ ಬೇಕೆಂದು ಹೇಳುವುದು. ಜಗಳವೇ ಇಲ್ಲ ಎಂದು ಮಾವನಿಗೆ ಬಹಳ ಹೆಮ್ಮೆ. ಆದರೆ ಅತ್ತೆ ಬದುಕಿದ್ದಾಗ ಪಾತ್ರೆ ತೊಳೆಯುತ್ತ ನನಗೆ ಬೇರೆಯದೇ ಹೇಳಿದ್ದರು. ಇವರು ಆರಿಸುವಾಗ ತುಂಡುಗಳನ್ನು ನೋಡುತ್ತಲೇ ಇರಲಿಲ್ಲವಂತೆ. ಅಣ್ಣನ ಕಣ್ಣು ನೋಡುತ್ತಿದ್ದರಂತೆ. ಆ ಕಣ್ಣು ಯಾವ ತುಂಡಿನ ಮೇಲೆ ಒಂದು ಚೂರು ಹೆಚ್ಚು ಹೊತ್ತು ನಿಂತಿತೋ ಅದೇ ಇವರಿಗೆ ಬೇಕು. ಬ್ರೆಡ್ಡಿನ ಅಂಚು ಕಂಡರೆ ಇವರಿಗೆ ಆಗುವುದಿಲ್ಲ, ಅಣ್ಣನಿಗೆ ಪ್ರಾಣ. ಅದನ್ನೂ ಕಿತ್ತುಕೊಂಡು ಅಳುತ್ತ ತಿಂದು ಮುಗಿಸುತ್ತಿದ್ದರಂತೆ. ಇದು ಅತ್ತೆಗೆ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. ಮಾವನಿಗೆ ಮಾತ್ರ ಗೊತ್ತಾಗಲಿಲ್ಲ.

ಮಾವ ತೀರಿಕೊಂಡಾಗ ಇವರು ಅಂಗಡಿಯಲ್ಲಿದ್ದರು, ಭಾವ ಪಕ್ಕದಲ್ಲಿದ್ದರು. ಕೊನೆಯ ಗುಟುಕು ನೀರು ಭಾವನ ಕೈಯಿಂದ ಕುಡಿದರು. ಇವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಹೋದ ದುಃಖ ಒಂದು ಕಡೆ, ಆ ಲೋಟ ಹಿಡಿದವನು ಅವನು ಎಂಬ ಉರಿ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ನಾನು ತೂಗಿ ನೋಡಲಿಲ್ಲ. ಬಹಳ ದಿನ ಇವರು ನೀರು ಕುಡಿಯುವಾಗೆಲ್ಲ ಲೋಟವನ್ನೇ ನೋಡುತ್ತಿದ್ದರು. 

ಮಾವ ಉಯಿಲು ಬರೆದಿಟ್ಟಿದ್ದರು. ಅದರಲ್ಲಿ ಗುಟ್ಟೇನೂ ಇರಲಿಲ್ಲ, ಹಳೆಯ ಕಟ್ಟಳೆಯೇ. ಇರುವುದನ್ನೆಲ್ಲ ದೊಡ್ಡವನು ಎರಡು ಪಾಲು ಮಾಡಲಿ, ಚಿಕ್ಕವನು ಒಂದನ್ನು ಆರಿಸಿಕೊಳ್ಳಲಿ. ಇರುವುದೆಂದರೆ ಮನೆ ಒಂದು, ಅಂಗಡಿ ಒಂದು. ಎರಡರ ಬೆಲೆಯೂ ಹೆಚ್ಚುಕಡಿಮೆ ಸಮ. ಮನೆಯಲ್ಲಿ ಇರುವವರು ಭಾವ, ಅಂಗಡಿಯಲ್ಲಿ ಕೂರುವವರು ಇವರು. ಬೇರೆ ಯಾವ ಸಂಸಾರದಲ್ಲಾದರೂ ಟೀ ಆರುವುದರೊಳಗೆ ಮುಗಿಯುವ ಮಾತು.

ಆದರೆ ಉಯಿಲು ಬರೆದಿಟ್ಟರೆ ಸಾಲದಂತೆ, ಅದು ಸಾಚಾ ಎಂದು ಕೋರ್ಟು ಒಪ್ಪಬೇಕಂತೆ, ಆಮೇಲೆ ಪತ್ರಗಳಲ್ಲಿ ಹೆಸರು ಬದಲಾಗಬೇಕಂತೆ. ಅದಕ್ಕೆ ವಕೀಲರು ಬೇಕು. ಅಲ್ಲಿಂದ ಶುರುವಾಯಿತು. ಭಾವ ಡಿಪೋದ ಕೇಸುಗಳನ್ನು ನೋಡುವ ವಕೀಲರಿದ್ದಾರೆ ಎಂದರು. ಅವನ ಕಡೆಯವರು ಅವನಿಗೇ ಮಾಡುತ್ತಾರೆ ಎಂದು ಇವರು ಬೇಡವೆಂದರು. ಭಾವ ಇನ್ನೊಬ್ಬ ಹಿರಿಯ ವಕೀಲರನ್ನು ಹೇಳಿದರು. ಅವರು ಕೋರ್ಟಿನಲ್ಲೇ ತೂಕಡಿಸುತ್ತಾರೆ ಎಂದು ಇವರು ಎಲ್ಲಿಂದಲೋ ಸುದ್ದಿ ತಂದರು. ಕೊನೆಗೆ ಒಂದು ದಿನ ಭಾವ, ಬೇರೆ ಯಾರಾದರೂ ಆಗಬಹುದು, ಆ ಮೇಲಿನ ಬೀದಿಯ ವಕೀಲಮ್ಮ ಮಾತ್ರ ಬೇಡ, ಆಕೆಯ ಹತ್ತಿರ ನಾನು ಕಾಲಿಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆಯೇ ಇವರು ವಕೀಲಮ್ಮನ ಬಾಗಿಲಲ್ಲಿ, ಜೊತೆಗೆ ನಾನೂ.

ವಕೀಲಮ್ಮ ನಮ್ಮ ಗಿರಾಕಿಯೇ. ಅವರ ಕರಿಕೋಟಿನ ಮೊಣಕೈಯನ್ನು ಮಾವ ಒಂದು ಸಲ ರಫೂ ಮಾಡಿದ್ದರು. ಕಚೇರಿ ಎಂದರೆ ಒಂದು ಉದ್ದನೆಯ ಕೋಣೆ, ಮೇಜಿನ ಮೇಲೆ ದಾರ ಕಟ್ಟಿದ ಕಟ್ಟುಗಳು, ಮೂಲೆಯಲ್ಲಿ ಗಡಗಡ ಎನ್ನುವ ಫ್ಯಾನು. ಆಕೆ ನಿಧಾನವಾಗಿ ಎಲ್ಲ ಕೇಳಿದರು. ಉಯಿಲಿಗೆ ಸಾಕ್ಷಿ ಹಾಕಿದವರು ಬದುಕಿದ್ದಾರಾ, ಸಾಲಸೋಲ ಇದೆಯಾ, ಬೇರೆ ವಾರಸುದಾರರು ಯಾರಾದರೂ ತಕರಾರು ತೆಗೆಯುತ್ತಾರಾ. ತಕರಾರು ತೆಗೆಯುವವರು ಹೊರಗಿನಿಂದ ಬರಬೇಕಾಗಿಲ್ಲ ಎಂದು ನನಗೆ ಹೇಳಬೇಕೆನಿಸಿತು, ಬಾಯಿಗೆ ಬೀಗ ಹಾಕಿಕೊಂಡೆ. ಹೊರಡುವಾಗ ಇವರು ವಕೀಲಮ್ಮನ ಇನ್ನೊಂದು ಮೊಣಕೈ ನೋಡಿ, ಅದೂ ಸವೆದಿದೆ, ಬಿಟ್ಟರೆ ಬಾಯಿ ಬಿಡುತ್ತದೆ, ಪುರುಸೊತ್ತಾದಾಗ ಕೊಡಿ ಎಂದರು.

ಪಾಲು ಹೇಳುವ ದಿನ ನಾಲ್ವರೂ ಅಲ್ಲಿ ಕೂತೆವು, ಕಾಲಿಡುವುದಿಲ್ಲ ಎಂದಿದ್ದ ಭಾವನೂ. ಭಾವ ಮನೆ ಒಂದು ಪಾಲು, ಅಂಗಡಿ ಒಂದು ಪಾಲು ಎಂದರು. ಹೇಳಿ ಸುಮ್ಮನಾಗಲಿಲ್ಲ. ನನಗಂತೂ ಅಂಗಡಿ ಮೇಲೆ ಮನಸ್ಸಿದೆ, ಒಳ್ಳೆ ಜಾಗ, ಫೋನಿನ ಅಂಗಡಿ ಇಟ್ಟರೆ ಜನ ಮುಗಿಬೀಳುತ್ತಾರೆ, ಆ ಹಳೇ ಮನೆ ಯಾರಿಗೆ ಬೇಕು ಎಂದು ಒಂದೇ ಸಮನೆ ಹೊಗಳತೊಡಗಿದರು. ಇವರು ಅಣ್ಣನ ಕಣ್ಣನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗುತ್ತಿತ್ತು. ಅಂಗಡಿ ಅಂದುಬಿಡುತ್ತಾರೆ, ಇನ್ನೇನು ಬಾಯಿ ತೆರೆದರು ಎನ್ನುವಾಗ ವಕೀಲಮ್ಮನಿಗೆ ನಗು ಬಂತು. ಪಾಪ, ಕೆಟ್ಟ ಮನಸ್ಸಿನಿಂದಲ್ಲ.

“ನಿಮ್ಮಣ್ಣನಿಗೆ ನೀವು ಚೆನ್ನಾಗಿ ಗೊತ್ತು ಕಣ್ರಿ. ನಾನು ವಕೀಲಮ್ಮ ಬೇಡ ಅಂತೀನಿ, ಆಗ ತಮ್ಮನೇ ನಿಮ್ಮನ್ನ ಹುಡುಕ್ಕೊಂಡು ಬರ್ತಾನೆ ಅಂತ ನನಗೆ ಮೊದಲೇ ಬಂದು ಹೇಳಿ ಹೋಗಿದ್ರು. ಹಾಗೇ ಆಯ್ತು ನೋಡಿ.”

ಫ್ಯಾನು ಗಡಗಡ ಎನ್ನುತ್ತಲೇ ಇತ್ತು. ಭಾವನ ಮುಖ ಬಿಳುಚಿಕೊಂಡಿತು. ಇವರು ಅಣ್ಣನನ್ನು ನೋಡಿದರು, ಮೇಜನ್ನು ನೋಡಿದರು, ಮತ್ತೆ ಅಣ್ಣನನ್ನು ನೋಡಿದರು. ಬೇಡ ಅಂದದ್ದು ಬೇಕಾಗಿದ್ದರೆ, ಬೇಕು ಅನ್ನುವುದು ಬೇಡವಾದದ್ದು. ಹಾಗಾದರೆ ಅವನಿಗೆ ಬೇಕಾದ್ದು ಯಾವುದು? ಲೆಕ್ಕ ಹಾಕುವುದು ನನಗೂ ಕಾಣುತ್ತಿತ್ತು.

“ಮನೆ,” ಎಂದರು ಇವರು. “ನನಗೆ ಮನೆ ಇರಲಿ.”

ಓರಗಿತ್ತಿಯ ಕೈ ತನ್ನ ಚೀಲದ ಹಿಡಿಯ ಮೇಲೆ ಹಾಗೇ ನಿಂತುಬಿಟ್ಟಿತು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅದನ್ನು ಯಾಕೆ ಮುಚ್ಚಿಡಲಿ? ಹಜಾರ ನನ್ನದು, ಕಟ್ಟೆ ನನ್ನದು. ನಮ್ಮವರ ಬೆಂಚು ಹೋಯಿತು ಎನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಗೆ ಹತ್ತಲೇ ಇಲ್ಲ. ಮೆಟ್ಟಿಲಿಳಿಯುವಾಗ ಮನೆ ಯಾವಾಗ ಖಾಲಿ ಮಾಡಬೇಕೇ ಎಂದು ಓರಗಿತ್ತಿ ನನ್ನನ್ನು ಕೇಳಿದಳು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ. ನಿಧಾನವಾಗಿ ಮಾಡಿ ಅಕ್ಕ ಎಂದೆ. ನನ್ನ ದೊಡ್ಡತನಕ್ಕೆ ನಾನೇ ಬೆರಗಾದೆ.

ಅದೇ ವಾರ ಪರದೆಗೆ ಅಳತೆ ತೆಗೆಯಲು ಹೋದೆ. ಅವಳು ನನಗಾಗಿ ಅಡುಗೆಮನೆಯ ಗೋಡೆಯ ಜಿಡ್ಡು ಉಜ್ಜುತ್ತಿದ್ದಳು. ಕೊಳಕು ಮನೆ ಕೊಡಬಾರದಲ್ಲ ಎಂದಳು. ಒಂದು ಮಾತು ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಇತ್ತ ನಮ್ಮವರು ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಕೋರ್ಟಿನ ಕೆಲಸ ಮುಗಿಯುವವರೆಗೂ ಕೂರಬಹುದಿತ್ತು, ಯಾರೂ ಬೇಡ ಅಂದಿರಲಿಲ್ಲ. ಅವನ ಅಂಗಡಿಯಲ್ಲಿ ನಾನ್ಯಾಕೆ ಕೂರಲಿ ಎಂದು ಬೀಗ ಜಡಿದು, ಸೂಜಿಡಬ್ಬಿ ಎತ್ತಿಕೊಂಡು ಮನೆಗೆ ಬಂದರು. ನಮ್ಮ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಆರಿಸಿಕೊಂಡ ಮನೆಗೆ ಹೋಗಿ ಕೋಣೆ ಕೋಣೆಯಲ್ಲೂ ಒಂದು ಕಪ್ಪು ಬಟ್ಟೆಯ ಚೂರು ಹಿಡಿದು ನೋಡಿ ಬಂದರು. ಹಜಾರದಲ್ಲಿ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಒಳಗೆಲ್ಲ ಕತ್ತಲು. ಅಲ್ಲಿ ಮಲಗಬಹುದು, ಉಣ್ಣಬಹುದು, ಸೂಜಿ ಹಿಡಿಯುವಂತಿಲ್ಲ. ಇವರ ಮುಖ ದಿನದಿನಕ್ಕೆ ಸಣ್ಣಗಾಯಿತು. ಬೆಂಚಿನ ಮೇಲೆ ಕೂತು ಕೂತು ಬಾಗಿದ ಬೆನ್ನು ಕುರ್ಚಿಯಲ್ಲಿ ಒರಗಲು ಕಲಿಯಲಿಲ್ಲ, ನೆಲದಲ್ಲಿ ಕೂರಲೂ ಒಪ್ಪಲಿಲ್ಲ. ಮನೆಯೆಲ್ಲ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರು.

ಆಗ ಬಂತು ವಕೀಲಮ್ಮನ ಕರಿಕೋಟು, ಎರಡನೆಯ ಮೊಣಕೈ. ಇವರು ಬಾಗಿಲ ಹತ್ತಿರ, ಕಿಟಕಿಯ ಹತ್ತಿರ, ಮೆಟ್ಟಿಲಿನ ಮೇಲೆ, ಎಲ್ಲೆಲ್ಲೋ ಕೂತು ಮುಗಿಸಿದರು. ಇಸ್ತ್ರಿಗೆ ನನ್ನ ಕೈಗೆ ಬಂದಾಗ ನೋಡಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಒಂದು ನಾಣ್ಯದಷ್ಟು ಜಾಗ ಬೇರೆಯಾಗಿ ಹೊಳೆಯುತ್ತಿತ್ತು. ಮದುವೆಯಾದಾಗಿನಿಂದ ಇವರ ಕೆಲಸ ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಇಸ್ತ್ರಿಯನ್ನು ಎರಡೆರಡು ಸಲ ಒತ್ತಿದೆ. ಹೋಗಲಿಲ್ಲ.

“ಕಾಣಿಸ್ತಾ ಇದೆ,” ಎಂದೆ.

ಅವರು ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು.

ಕೋಟು ಕೊಡಲು ಇಬ್ಬರೂ ಹೋದೆವು. ವಕೀಲಮ್ಮ ಮೊಣಕೈಯ ಮೇಲೆ ಬೆರಳಾಡಿಸಿದರು, ಚೆನ್ನಾಗಿದೆ ಎಂದರು, ಮಡಿಚಿಟ್ಟರು. ಆಮೇಲೆ ಬೇರೇನೋ ಹೇಳುವವರ ಹಾಗೆ, ಪಾಲಿನ ಕಾಗದ ಇನ್ನೂ ಜಡ್ಜರ ಮುಂದೆ ಹೋಗಿಲ್ಲ, ಅಣ್ಣತಮ್ಮ ಇಬ್ಬರೂ ಒಪ್ಪಿ ಬಂದರೆ ಬೇರೆ ಬರೆಯಬಹುದು, ಅಲ್ಲಿಗೆ ಹೋದ ಮೇಲೆ ಕಷ್ಟ ಎಂದರು. ಇವರು ಬೇಡಮ್ಮ ಎಂದು ಎದ್ದರು. ದಾರಿಯಲ್ಲಿ ಬಹಳ ದೂರ ನಡೆದ ಮೇಲೆ ಬಾಯಿಬಿಟ್ಟರು.

“ಅವರ ಬೆರಳು ಅಲ್ಲಿ ನಿಂತಿತು ಕಣೆ.”

ನಮ್ಮವರು ಕೋಪಿಸಿಕೊಂಡರೆ ನನಗೆ ಹೆದರಿಕೆಯಿಲ್ಲ, ನನ್ನ ಕೋಪವೇ ದೊಡ್ಡದು. ಆದರೆ ಆ ದನಿಯಲ್ಲಿ ಕೋಪವೇ ಇರಲಿಲ್ಲ. ಹೋಗಿ ಅಣ್ಣನನ್ನು ಕೇಳಿ ಎಂದು ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಪರದೆಯ ಬಟ್ಟೆ ಆಗಲೇ ಕತ್ತರಿಸಿಟ್ಟಿದ್ದೆ.

ಕೊನೆಗೆ ಭಾವನೇ ಬಂದರು. ಅಂಗಡಿ ಮುಚ್ಚಿದ್ದು ಕಂಡು ಗಿರಾಕಿಗಳು ಡಿಪೋಗೇ ಹೋಗಿ ತಮ್ಮ ಎಲ್ಲಿ, ನಮ್ಮ ಶಾಲು ಎಲ್ಲಿ ಎಂದು ಅವರ ಪ್ರಾಣ ಹಿಂಡುತ್ತಿದ್ದರಂತೆ. ಬಂದವರು ಕೂತರು, ನಾನು ಕೊಟ್ಟ ಟೀಯನ್ನು ಪಕ್ಕಕ್ಕಿಟ್ಟರು. ನಾನು ಅಡುಗೆಯ ಕಡೆ ಸರಿದು ಕಿವಿ ಇತ್ತ ಇಟ್ಟೆ.

“ಸುತ್ತಿ ಬಳಸಿ ಮಾತಾಡಲ್ಲ ಕಣೋ. ನನಗೆ ಮನೆ ಬೇಕು.”

“ಅವತ್ತೇ ಹೇಳ್ಬಹುದಿತ್ತಲ್ಲ.”

“ಅವತ್ತು ಹೇಳಿದ್ರೆ ನೀನು ಮನೇನೇ ತೊಗೋತಿದ್ದೆ.”

“ಈಗಲೂ ಅದನ್ನೇ ತೊಗೊಂಡಿದೀನಲ್ಲ.”

ನನಗೆ ನಗು ಉಕ್ಕಿ ಬಂತು, ಬಾಯಿಗೆ ಸೆರಗು ಒತ್ತಿಕೊಂಡೆ. ಕೊಡಬೇಡಿ, ಕೊಡಬೇಡಿ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಬಾಗಿಲ ಸಂದಿಯಿಂದ ಇವರ ಕೈ ಕಾಣುತ್ತಿತ್ತು. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜುತ್ತಿದ್ದವು, ಇಲ್ಲದ ಎಳೆಯನ್ನು ಹೊಸೆಯುತ್ತಿದ್ದ ಹಾಗೆ.

“ಕೊಡ್ತೀನಿ,” ಎಂದರು. “ಆದ್ರೆ ಹಾಗೇ ಕೊಡಲ್ಲ. ಈ ಸಲ ನಾನು ಕತ್ತರಿಸ್ತೀನಿ, ನೀನು ಆರಿಸು.”

“ಅಂದ್ರೆ?”

“ಒಂದು ಸಲನಾದ್ರೂ ಅಪ್ಪ ಚಾಕು ನನ್ನ ಕೈಗೆ ಕೊಟ್ರಾ? ಯಾವಾಗಲೂ ನಿನ್ನ ಕೈಗೇ. ಅವನು ದೊಡ್ಡವನು, ಅವನು ಸರಿಯಾಗಿ ಮಾಡ್ತಾನೆ ಅನ್ನೋರು. ನಾನು ಮಾಡಲ್ವಾ? ಒಂದೊಂದು ಎಳೆ ಎಣಿಸಿ ಹಾಕೋನು ನಾನು. ಒಂದು ಬ್ರೆಡ್ಡು ಸಮಕ್ಕೆ ಕತ್ತರಿಸಕ್ಕೆ ನನಗೆ ಬರಲ್ವಾ?”

ಭಾವ ತಮ್ಮನನ್ನು ಹೊಸಬನನ್ನು ನೋಡುವ ಹಾಗೆ ನೋಡಿದರು.

“ನಿನಗೆ ಚಾಕು ಬೇಕಿತ್ತಾ?” ಎಂದರು. “ಅಯ್ಯೋ ಮಾರಾಯ. ನನಗೆ ಒಂದೇ ಒಂದು ಸಲ ಆರಿಸಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಇದು ಬೇಕು ಅಂತ ಕೈ ಚಾಚೋದು. ಯಾವತ್ತೂ ಆಗಲಿಲ್ಲ. ನೀನು ಬಿಟ್ಟಿದ್ದೇ ನಂದು. ನೀನು ಆರಿಸೋವಾಗ ನಿನ್ನ ನೋಡಿ ನನಗೆ ಹೊಟ್ಟೆ ಉರೀತಿತ್ತು.”

ಇವರು ಎದ್ದು ಮೊಳೆಯಿಂದ ಅಂಗಡಿಯ ಬೀಗದಕೈ ತೆಗೆದರು. ಅಣ್ಣನ ಮುಂದೆ ಕೈಯೊಡ್ಡಿದರು, ಭಾವ ಜೇಬಿನಿಂದ ಮನೆಯ ಬೀಗದಕೈ ಕೊಟ್ಟರು. ಇವರು ಇಸ್ತ್ರಿಯ ಮೇಜಿನ ಮೇಲೆ ಎರಡನ್ನೂ ಇಟ್ಟು, ಎರಡರ ತುದಿಯೂ ಸಮವಾಗಿ ನಿಲ್ಲುವ ತನಕ ಬೆರಳಿನಿಂದ ಸರಿಸಿ ಸರಿಸಿ ನೋಡಿದರು. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು.

ಭಾವ ಅವಸರ ಮಾಡಲಿಲ್ಲ. ಬದುಕಿನಲ್ಲಿ ಮೊದಲ ಸಲ ಸಿಕ್ಕಿದ ಸುಖ, ಬಿಡುತ್ತಾರಾ? ಕೈ ಮನೆಯ ಮೇಲೆ ಹೋಯಿತು, ಅಲ್ಲಿಂದ ಅಂಗಡಿಯ ಮೇಲೆ ಬಂತು, ಬಂದು ನಿಂತಿತು. ಒಳ್ಳೆ ಜಾಗ, ಫೋನಿನ ಅಂಗಡಿ ಇಡಬಹುದು ಎಂದರು. ಇವರ ಹಣೆಯಲ್ಲಿ ಬೆವರು ಮೂಡಿತು. ಬೇಡ ಅಂತ ಒಂದು ಮಾತೂ ಆಡಲಿಲ್ಲ. ಕತ್ತರಿಸಿದವನು ಬಾಯಿ ಬಿಡುವಂತಿಲ್ಲ, ಅದೂ ಕಟ್ಟಳೆಯೇ. ಇಷ್ಟು ವರ್ಷ ಅಣ್ಣ ಹೀಗೇ ನಿಂತಿರುತ್ತಿದ್ದ ಎನ್ನುವುದು ಆಗ ಇವರಿಗೆ ತಿಳಿಯಿತೋ ಏನೋ, ಕಣ್ಣು ತುಂಬಿ ಬಂದಿತ್ತು. ಅದನ್ನು ನೋಡಿ ಭಾವ ಮನೆಯ ಬೀಗದಕೈ ಎತ್ತಿಕೊಂಡರು.

ಇವರು ಅಂಗಡಿಯದನ್ನು ಹಿಡಿದು, ಸೂಜಿಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಹೋದರು. ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು. ಮರುದಿನ ಇಬ್ಬರೂ ವಕೀಲಮ್ಮನ ಮುಂದೆ ಕೂತು ಹೊಸ ಕಾಗದಕ್ಕೆ ಸಹಿ ಹಾಕಿದರು. ಸಹಿಗಿಂತ ಮೊದಲು ಇವರು ಆ ಕೋಟು ವಾಪಸು ಇಸಿದುಕೊಂಡರಂತೆ. ಮೊಣಕೈ ಬಿಚ್ಚಿ ಮತ್ತೆ ಮಾಡಿಕೊಟ್ಟರು. ಅದು ಇಸ್ತ್ರಿಗೆ ಬಂದಾಗ ನಾನು ಓರೆಯಾಗಿ ಹಿಡಿದೆ, ನೇರವಾಗಿ ಹಿಡಿದೆ, ಬಿಚ್ಚಿ ಮಾಡಿದ್ದು ಯಾವ ತೋಳು ಎಂದೇ ತಿಳಿಯಲಿಲ್ಲ.

ಎಲ್ಲ ಸರಿಹೋಯಿತು ಎಂದು ಜನ ಹೇಳುತ್ತಾರೆ. ಅಣ್ಣನಿಗೆ ಆರಿಸುವುದು ಸಿಕ್ಕಿತು, ತಮ್ಮನಿಗೆ ಕತ್ತರಿಸುವುದು ಸಿಕ್ಕಿತು. ಹಜಾರದ ಮನೆ ನನ್ನ ಕೈಗೆ ಬಂದು ಹೋಯಿತಲ್ಲ, ನಿನಗೆ ಏನು ಬೇಕೇ ಎಂದು ಯಾರಾದರೂ ಕೇಳಿದರಾ? ಪಾಲು ಮಾಡುವಾಗ ಕೇಳಲಿಲ್ಲ, ಬದಲಾಯಿಸುವಾಗಲೂ ಕೇಳಲಿಲ್ಲ. ಪರದೆಯ ಬಟ್ಟೆ ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಮೊನ್ನೆ ಓರಗಿತ್ತಿ ಹೇಳಿ ಕಳಿಸಿದಳು. ಹೋದೆ. ಕಟ್ಟೆಯ ಮೇಲೆ ಇಬ್ಬರೇ ಕೂತೆವು. ನಡುವೆ ಒಂದು ಕಲ್ಲಂಗಡಿ ಹಣ್ಣು ಇಟ್ಟಳು.

“ಅವರಿಬ್ಬರೂ ಮನೆ ನಿನಗೆ, ಅಂಗಡಿ ನನಗೆ ಅಂತ ಆಟ ಆಡಿದ್ರಲ್ಲ,” ಎಂದಳು. “ನಾನು ಎಲ್ಲಿಗೆ ಹೋಗ್ತಿದ್ದೆ, ನೀನು ಎಲ್ಲಿರ್ತೀಯ, ಒಬ್ಬರಾದ್ರೂ ಕೇಳಿದ್ರೇನೇ?”

ನಾನು ಅಂದುಕೊಂಡದ್ದನ್ನು ಅವಳ ಬಾಯಲ್ಲಿ ಕೇಳಿ ನನಗೆ ಸಿಟ್ಟೇ ಬಂತು. ಆ ಮಾತು ನನ್ನದಾಗಿತ್ತು. ಅವಳು ಚಾಕುವಿನ ಹಿಡಿಯನ್ನು ನನ್ನ ಕಡೆ ತಿರುಗಿಸಿ ಕೊಟ್ಟಳು. ನಾನು ಬೇಕೆಂದೇ ಒಂದು ಹೋಳು ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿ ಕತ್ತರಿಸಿದೆ. ಆರಿಸಲಿ, ಒಂದು ಸಲವಾದರೂ ಇವಳ ಆಸೆಬುರುಕತನ ಕಣ್ಣಾರೆ ನೋಡುತ್ತೇನೆ ಎಂದು ಕಾದು ಕೂತೆ.

ಅವಳು ಎರಡನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು. ಚಿಕ್ಕದನ್ನು ತೆಗೆದುಕೊಂಡು ದೊಡ್ಡದನ್ನು ನನ್ನ ಕಡೆಗೆ ತಳ್ಳಿದಳು. ನಾನು ತಿಂದೆ. ಹಣ್ಣು ಸಿಹಿಯಾಗಿತ್ತು, ಹಾಳಾದ್ದು, ಹೊಟ್ಟೆ ಉರಿಯುತ್ತಲೇ ಇತ್ತು.